ಅಣ್ಣ ಕೊಟ್ಟ ಅಕ್ಷತೆ

೧೪ ಏಪ್ರಿಲ್ ೧೯೫೩, ಮಂಗಳವಾರ. ಮಸ್ಕಿ.

ಲಗ್ನಪತ್ರಿಕೆಯ ವಿಷಯ ಇನ್ನೂ ತಲೆಯಿಂದ ಹೋಗಿಲ್ಲ. ಮದುವೆ ಅಣ್ಣನ ಮಗಳದು. ಅಣ್ಣ ದೊಡ್ಡಬಸಪ್ಪ ರಜಾಕಾರರ ಗಲಾಟೆಯಲ್ಲಿ ಮನೆ ಬಿಟ್ಟವನು ಐದು ವರ್ಷವಾದರೂ ಬಂದಿಲ್ಲ. ಅವನ ಹೆಸರಿನ ಮುಂದೆ 'ಲಿಂಗೈಕ್ಯ' ಎಂದು ಹಾಕಿ, ಕರೆಯುವವರ ಜಾಗದಲ್ಲಿ ನನ್ನ ಹೆಸರು ಹಾಕೋಣ ಎಂದಿದ್ದೆ. ಅತ್ತಿಗೆ ತಾಳಿ ಮುಟ್ಟಿಕೊಂಡು, "ಹೆಣ ನೀ ಕಂಡೀಯೇನು ತಮ್ಮಾ? ಕರಿಯಾವ್ರು ಅವರ, ನೀ ಅಲ್ಲ" ಎಂದಳು. ಅವಳಿಗೆ ಓದು ಬಾರದು. ನಾನಂದುಕೊಂಡಂತೆಯೇ ಲಿಂಗಸುಗೂರಿನಲ್ಲಿ ಅಚ್ಚು ಹಾಕಿಸಿದೆ. ನಿನ್ನೆ ಸಂಜೆ ಪತ್ರಿಕೆಗಳು ಕೈಗೆ ಬಂದವು.

ಇವತ್ತು ಮೊದಲನೆಯದನ್ನು ಕೊಡಲು ಬಳಗಾನೂರಿನ ಸೋದರತ್ತೆಯ ಮನೆಗೆ ಹೋದೆ. ಬಾಗಿಲಲ್ಲೇ ಬೈಯತೊಡಗಿದಳು.

"ನಿಮ್ಮಣ್ಣ ಬಂದದ್ದು ನಮಗ್ಯಾಕ ತಿಳಿಸಲಿಲ್ಲಲೇ? ಮೊನ್ನಿ ಅವನ ಬಂದು ಅಕ್ಷತಿ ಕೊಟ್ಟು, ಲಗ್ನಕ್ಕ ಕರದು ಹೋದ. ನೀರು ಸೈತ ಕುಡೀಲಿಲ್ಲ."

ವಯಸ್ಸಾಗಿದೆ, ಏನೋ ಕನಸು ಕಂಡಿದ್ದಾಳೆ ಎಂದುಕೊಂಡೆ. ಅವಳು ದೇವರ ಜಗುಲಿಯ ಮೇಲಿನ ಬಟ್ಟಲು ತಂದು ತೋರಿಸಿದಳು. ಅಕ್ಷತೆ ಮುಟ್ಟಿದೆ. ಈಗತಾನೆ ಕಲಸಿದಂತೆ ಹಸಿಯಾಗಿತ್ತು, ಬೆರಳಿಗೆ ಅರಿಶಿನ ಹತ್ತಿತು. ಪತ್ರಿಕೆಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಎಲ್ಲಿಗೆ ಹೊರಟಿದ್ದೇನೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವಾಪಸು ಬಂದಾಗ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬಳಗಾನೂರಿಗೆ ನೀ ಯಾಕ ಹೋಗಿದ್ದಿ ತಮ್ಮಾ? ಅಲ್ಲಿ ಅವರು ಕರದು ಬಂದಾರ."

ಕೈ ಮೂರು ಸಲ ತೊಳೆದೆ, ಅರಿಶಿನ ಹೋಗುತ್ತಿಲ್ಲ. ಪತ್ರಿಕೆಗಳ ಕಟ್ಟನ್ನು ಮಂಚದ ಕೆಳಗೆ ಇಟ್ಟಿದ್ದೇನೆ. ನಾಳೆ ಪಾಮನಕಲ್ಲೂರಿನ ನೆಂಟರನ್ನು ಕರೆಯಲು ಹೋಗಬೇಕು. ಅಲ್ಲಿಯೂ ನನಗಿಂತ ಮುಂಚೆ ಅಣ್ಣ ಹೋಗಿ ಅಕ್ಷತೆ ಕೊಟ್ಟಿರುತ್ತಾನೆಯೇ?