ಉದಾಹರಣೆಗಳು ಇನ್ನಷ್ಟಿರಲಿ

ಮಂಗಳವಾರ, ಮಾರ್ಚ್ 11

ಗುಬ್ಬಿಗೆ, ನಿನ್ನಮ್ಮನ ಪ್ರೀತಿ.

ಆನ್‌ಲೈನ್ ಕಾಲೇಜಿನಲ್ಲಿ ನಿನಗೂ ಕೆಲಸ ಸಿಕ್ಕಿತಲ್ಲ, ಸಂತೋಷ. ದೊಡ್ಡವರಿಗೆ ಪಾಠ ಹೇಳುವ ಬಗ್ಗೆ ನಿನ್ನ ನಿಲುವೇನೆಂದು ಒಂದು ಪುಟ ಬರೆದುಕೊಡಬೇಕಂತೆ. ಹನ್ನೆರಡು ವರ್ಷ ಅದೇ ಕೆಲಸ ಮಾಡಿದ ಅಮ್ಮ ಏನಾದರೂ ಹೇಳಲಿ ಅಂದಿದ್ದೀಯ. ಮೂರು ದಿನದಿಂದ ಕೂತು ಏಳುತ್ತಿದ್ದೇನೆ. ನಿಲುವು ಗಿಲುವು ಏನೂ ಹೊಳೆಯಲಿಲ್ಲ. ನಡೆದದ್ದೊಂದನ್ನು ಬರೆಯುತ್ತೇನೆ.

ಕಳೆದ ಅವಧಿಯಲ್ಲಿ ನನ್ನ ತರಗತಿಗೆ ಅರವತ್ತೆರಡು ಜನ. ಎಲ್ಲರೂ ದುಡಿಯುವವರು. ಮುಖ ತೋರಿಸಿದವರು ನಾಲ್ಕೈದು ಮಂದಿ, ಉಳಿದವರು ಪರದೆಯ ಮೇಲೆ ಬರೀ ಕಪ್ಪು ಚೌಕ. ಕೆಲಸದಲ್ಲಿ ತಾವು ಮಾಡಿದ ಒಂದು ತಪ್ಪಿನ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಸುಸ್ತಾಗಿತ್ತು ಕಣೇ. ಹತ್ತನ್ನು ಪೂರ್ತಿ ಓದಿದೆ. ಆಮೇಲೆ ಬರೀ ಮೊದಲ ಪ್ಯಾರಾ ನೋಡಿ, "ಚೆನ್ನಾಗಿದೆ. ಉದಾಹರಣೆಗಳು ಇನ್ನಷ್ಟಿರಲಿ" ಎಂದು ಉಳಿದವರಿಗೆಲ್ಲ ಅಂಟಿಸಿ, ಅಂದಾಜಿಗೆ ಅಂಕ ಹಾಕುತ್ತ ಹೋದೆ.

ಮರುವಾರ, ಬಂದರಿನಲ್ಲಿ ಕ್ರೇನ್ ನಡೆಸುವವರೊಬ್ಬರು ಫೋನ್ ಮಾಡಿದರು. ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಮೇಡಂ, ನಾನು ಇಳಿಸಿದ ಕಂಟೇನರ್ ಕೆಳಗೆ ಸಿಕ್ಕಿ ನನ್ನ ಜೊತೆಗಾರನ ಕಾಲು ಹೋಯ್ತು. ಗಾಳಿಗೆ ತೂಗಾಡ್ತು ಅಂತ ಎಲ್ರಿಗೂ ಹೇಳಿದ್ದೆ. ನಾನು ಕೆಳಗೆ ನೋಡ್ಲೇ ಇಲ್ಲ ಅಂತ ಬರೆದಿದ್ದು ನಿಮಗೊಬ್ರಿಗೇ. ಇನ್ನೆಷ್ಟು ಉದಾಹರಣೆ ಕೊಡ್ಲಿ?"

ನಾನು ಓದಿರಲಿಲ್ಲ ಎಂದೆ.

"ಹಂಗಾದ್ರೆ ಈಗ ಓದಿ. ಕಾಯ್ತೀನಿ" ಎಂದು ಫೋನ್ ಇಟ್ಟುಬಿಟ್ಟರು.

ಓದಿದೆ. ಆರು ಪುಟ. ನಾಲ್ಕನೆಯ ಪುಟದಲ್ಲಿ, ಅವಸರ ಮಾಡಿಸಿದ್ದು ಮೇಲ್ವಿಚಾರಕ ಎಂದು ತಪ್ಪನ್ನು ಅವನ ತಲೆಗೆ ಕಟ್ಟಿದ್ದರು. ಅದನ್ನೇ ತೋರಿಸಿ ಬರೆದೆ; ಮೊದಲು ಹಾಕಿದ್ದ ಎಪ್ಪತ್ತು ಅಂಕ ಐವತ್ತೈದಕ್ಕಿಳಿಯಿತು. ಬೈಯುತ್ತಾರೆ ಅಂದುಕೊಂಡರೆ, ಹೌದು, ಅಲ್ಲಿ ನುಣುಚಿಕೊಂಡಿದ್ದೆ ಎಂದು ಒಪ್ಪಿ ಆ ಪುಟವನ್ನು ಹೊಸದಾಗಿ ಬರೆದು ಕಳಿಸಿದರು. ಆ ಭಾನುವಾರ ಜೊತೆಗಾರನ ಮನೆಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರಂತೆ.

ಉಳಿದ ಐವತ್ತೊಂದನ್ನೂ ಕೂತು ಓದಿದೆ. ಬೆನ್ನು ಇನ್ನೂ ನೆಟ್ಟಗಾಗಿಲ್ಲ.

ದೊಡ್ಡವರಿಗೆ ನಮ್ಮ ಕನಿಕರ ಬೇಕಿಲ್ಲ ಗುಬ್ಬಿ. ಕೊನೆಯ ಸಾಲಿನವರೆಗೂ ಓದಿ, ತಪ್ಪಿದ್ದರೆ ತಪ್ಪು ಅನ್ನುವವರೊಬ್ಬರು ಬೇಕು. ನನಗೆ ಗೊತ್ತಿರುವುದು ಇಷ್ಟೇ. ಅರ್ಧ ಪುಟವೂ ಆಗದು, ಉಳಿದದ್ದನ್ನು ನೀನೇ ತುಂಬಿಸಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮತ್ತೆ: ಹಾಗೆ ಪೂರ್ತಿ ಓದಿದಾಗ ಹತ್ತೊಂಬತ್ತು ಜನರ ಅಂಕ ಇಳಿಯಿತು, ದೂರು ಹೋಯಿತು. ಕಾಲೇಜಿನವರು ಕಾರಣ ಕೇಳಿದಾಗ ಓದದೆ ಅಂಕ ಹಾಕಿದ್ದೆ ಎಂದು ಬರೆದುಕೊಟ್ಟೆ. ಈ ಅವಧಿಗೆ ನನ್ನನ್ನು ಕರೆದಿಲ್ಲ. ನಿನ್ನಪ್ಪನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಕೋಣೆ ಸೇರಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಪಾಠ ನಡೆಯುತ್ತಿದೆ ಅಂತ ಅವರು ಆಚೆ ಟಿವಿ ಸದ್ದು ಕಡಿಮೆ ಮಾಡುತ್ತಾರೆ.