ಗೊತ್ತಿದ್ದೂ ಕೇಳುವವರು

ಮರಗೆಲಸದ ಶೆಡ್ಡಿನಿಂದ
ಶುಕ್ರವಾರ ಮಧ್ಯಾಹ್ನ

ಟೀಚರಮ್ಮನಾಗಿರುವ ಅಕ್ಕನ ಮಗಳಿಗೆ, ಸೋದರಮಾವ ಹಲ್ಲು ಕಚ್ಚಿಕೊಂಡು ಮಾಡುವ ಆಶೀರ್ವಾದ.

ನಿನ್ನ ಕ್ಷೇಮ ಕೇಳುವುದಿಲ್ಲ. ನೀನು ಚೆನ್ನಾಗಿಯೇ ಇರುತ್ತೀಯ. ನನ್ನ ಮೊಮ್ಮಗಳು ನಿನ್ನ ಒಂದನೇ ಕ್ಲಾಸಿಗೆ ಸೇರಿ ಮೂರು ತಿಂಗಳಾಗಿಲ್ಲ, ಆಗಲೇ ಅವಳನ್ನು ‘ನಿಧಾನ ಕಲಿಕೆ’ಯ ಕೋಣೆಗೆ ಹಾಕುತ್ತೇನೆಂದು ಫಾರಂ ಕಳಿಸಿದ್ದೀಯ. ಸೋಮವಾರದೊಳಗೆ ಸಹಿ ಬೇಕಂತೆ. ನನ್ನ ಮಗಳು ಅದನ್ನು ಓದಿ ಊಟ ಬಿಟ್ಟು ಅತ್ತಳು. ಫಾರಂ ಈಗ ನನ್ನ ಕೀಸುಳಿಯ ಕೆಳಗೆ ಬಿದ್ದಿದೆ. ಅಲ್ಲಿಯೇ ಇರಲಿ.

ಮಗುವಿಗೆ ವಸ್ತುಗಳ ಗುರುತಿಲ್ಲ, ಮೂರು ದಿನ ಕೇಳಿದರೂ ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀಯಲ್ಲ, ಕೇಳಿದ್ದೇನು? ಕುರ್ಚಿ ತೋರಿಸಿ ಇದೇನು ಅಂತ! ಬಡಗಿಯ ಮೊಮ್ಮಗಳಿಗೆ! ನಾನು ಹಳ್ಳಿ ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವನು ನಿಜ. ಆದರೆ ನಾನು ಮಾಡಿದ ಕುರ್ಚಿಗಳಲ್ಲಿ ಮೂವರು ಜಡ್ಜುಗಳು ಕೂತು ತೀರ್ಪು ಕೊಟ್ಟಿದ್ದಾರೆ. ಒಬ್ಬರಾದರೂ ಬಿದ್ದ ಸುದ್ದಿ ಇಲ್ಲ.

ಈ ಹುಡುಗಿಗೆ ಶೆಡ್ಡಿನಲ್ಲಿ ‘ಮೊಳೆ’ ಅಂತ ಹೆಸರು, ಅಷ್ಟು ಚೂಪು. ಹೋದ ವಾರ ಹೊಸ ಮೇಜು ಅಲ್ಲಾಡುತ್ತಿತ್ತು. ಕಾಲು ಕೊಯ್ಯಲು ನಾನು ಗರಗಸ ಎತ್ತಿದರೆ, ಇವಳು ನೆಲಕ್ಕೆ ಕೆನ್ನೆ ಹಚ್ಚಿ ನೋಡಿ, “ತಾತ, ಕಾಲು ಸರಿಯಾಗೇ ಇದೆ, ನಿನ್ನ ನೆಲಾನೇ ಡೊಂಕು” ಅಂದಳು. ಪಾಲಿಶ್ ಹಚ್ಚುವವನು ನಕ್ಕು ನಕ್ಕು ಡಬ್ಬಿ ಚೆಲ್ಲಿಕೊಂಡ. ಇದಾ ನಿನ್ನ ನಿಧಾನ?

ಟೀಚರಿಗೆ ಯಾಕೆ ಉತ್ತರ ಕೊಡಲಿಲ್ಲ ಎಂದು ಅವಳನ್ನು ಗದರಿದೆ. ಎದೆಯುಬ್ಬಿಸಿ ಹೇಳಿದಳು: “ಅವರಿಗೆ ಗೊತ್ತಿತ್ತು ತಾತ. ಅದರ ಮೇಲೇ ಕೂತ್ಕೊಳ್ತಾರೆ! ನನ್ನನ್ನ ಸಿಕ್ಕಿಸೋಕೆ ಕೇಳಿದ್ರು. ಮೂರು ದಿನ ಆದ್ರೂ ನಾನು ಸಿಕ್ಕಲೇ ಇಲ್ಲ.”

ನಮ್ಮ ಮನೆಯಲ್ಲಿ ಗೊತ್ತಿಲ್ಲದ್ದನ್ನು ಮಾತ್ರ ಕೇಳುತ್ತೇವೆ. ಉಳಿ ಎಲ್ಲಿ, ಹಲಗೆ ಸಾಲುತ್ತಾ, ಅಪ್ಪ ಬಂದನಾ. ಗೊತ್ತಿದ್ದೂ ಕೇಳುವವರು ಪೊಲೀಸರು, ಇಲ್ಲವೇ ಕಾಲೆಳೆಯುವವರು. ನಿನ್ನ ಕ್ಲಾಸಿನ ಮಿಕ್ಕ ಮಕ್ಕಳಿಗೆ ತೊಟ್ಟಿಲಲ್ಲೇ “ಮೂಗೆಲ್ಲಿ ಕಂದಾ, ಇದೇನು ಚಿನ್ನಾ” ಅಂತ ಪರೀಕ್ಷೆ ಮಾಡಿ ಮಾಡಿ ಅಭ್ಯಾಸವಾಗಿದೆ. ಅವರು ಜಾಣರು, ನಮ್ಮದು ದಡ್ಡು! ಬೇರೆ ಟೀಚರಾಗಿದ್ದರೆ ಬಿಡುತ್ತಿದ್ದೆ. ನೀನು ಇದೇ ಶೆಡ್ಡಿನ ಮರದ ಹೊಟ್ಟಿನಲ್ಲಿ ಹೊರಳಾಡಿ ಬೆಳೆದವಳು. ಟ್ರೈನಿಂಗಿನಲ್ಲಿ ಅದನ್ನೂ ತಲೆಯಿಂದ ತೊಳೆದು ಕಳಿಸಿದರೇನು?

ಸಹಿ ಹಾಕುವುದಿಲ್ಲ. ಸೋಮವಾರ ಮಗುವನ್ನು ನಾನೇ ಕರೆತರುತ್ತೇನೆ. ನಿನಗೆ ನಿಜವಾಗಿ ಗೊತ್ತಿಲ್ಲದ್ದೊಂದನ್ನು ಅವಳ ಹತ್ತಿರ ಕೇಳು. ನಿನ್ನ ಕ್ಲಾಸಿನ ಬಾಗಿಲು ಒಂದು ವರ್ಷದಿಂದ ಯಾಕೆ ಮುಚ್ಚುತ್ತಿಲ್ಲ, ಕೇಳಿ ನೋಡು. ಅವಳು ಹೇಳದಿದ್ದರೆ ಅಲ್ಲೇ ಎಲ್ಲರೆದುರು ನಾನೇ ನಿಂತು ಸಹಿ ಹಾಕಿಸುತ್ತೇನೆ, ಮೀಸೆಯನ್ನೂ ಬೋಳಿಸುತ್ತೇನೆ.

ಇಂತಿ,
ನಿನ್ನ ಮೊದಲ ಸ್ಲೇಟಿಗೆ ಚೌಕಟ್ಟು ಹಾಕಿಕೊಟ್ಟು ಈಗ ಕೈ ಹಿಸುಕಿಕೊಳ್ಳುತ್ತಿರುವ
ಸೋದರಮಾವ

ಮೇಲೆ ಬರೆಯದೆ ಬಿಟ್ಟದ್ದು: ಉಳಿ ತೋರಿಸಿ ಇದೇನು ಎಂದು ಕೇಳುವುದು, ಉತ್ತರ ಕೊಟ್ಟವರನ್ನು ‘ಸಿಕ್ಕಿಬಿದ್ದ ಪೆದ್ದು’ ಅಂತ ಶೆಡ್ಡೆಲ್ಲ ಕೂಗುವುದು, ಈ ಆಟ ಮೊಳೆಗೆ ಕಲಿಸಿದವನು ನಾನೇ. ಮಗಳಿಗೆ ಇನ್ನೂ ಹೇಳಿಲ್ಲ. ನಿನಗಂತೂ ನೆನಪಿರುತ್ತದೆ. ನೀನು ಪ್ರತಿ ಸಲವೂ ಉತ್ತರ ಕೊಡುತ್ತಿದ್ದೆ, ನಾವು ಪ್ರತಿ ಸಲವೂ ನಗುತ್ತಿದ್ದೆವು. ಒಂದು ದಿನ ಪುಸ್ತಕ ಎತ್ತಿಕೊಂಡು ಹೊರಟವಳು ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ. ನಿನ್ನನ್ನು ಟೀಚರ್ ಮಾಡಿದ್ದು ನಾನೇ ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ. ಸೋಮವಾರ, ಬಾಗಿಲಿನ ವಿಷಯಕ್ಕೆ ಮೊದಲು, ಮೊಳೆಯ ಎದುರಿಗೇ ನನಗೆ ಕುರ್ಚಿ ತೋರಿಸಿ ಇದೇನು ಮಾವ ಅಂತ ಕೇಳು. ಜೋರಾಗಿ ಉತ್ತರ ಕೊಡುತ್ತೇನೆ. ನೀವಿಬ್ಬರೂ ಸೇರಿ ನಗಿ.