ವೈಫೈ ಹೋಗಿದ್ದು ನನ್ನಿಂದ

ಶ್ಯಾಮಲಾ,

ನೀನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಎದುರಿಗೆ ಹೇಳಲು ಧೈರ್ಯ ಬರಲಿಲ್ಲ.

ನಿನ್ನೆ ನೀನು ವೈಫೈ ಡಬ್ಬಿಯನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದಾಗ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ತಪ್ಪು ಡಬ್ಬಿಯದಲ್ಲ. ನೀನು ಕಾಲೇಜಿಗೆ ಹೋಗಿದ್ದಾಗ ನಿನ್ನ ಲ್ಯಾಪ್‌ಟಾಪಿನಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಅಪ್‌ಡೇಟ್ ಮಾಡಲೇ ಅಂತ ಕೇಳಿತು. ಬೇಡ ಅನ್ನಲು ಹೆದರಿ ಒತ್ತಿಬಿಟ್ಟೆ.

ಕೊತ್ತಂಬರಿ ತರುವ ನೆಪದಲ್ಲಿ ಆಂಡರ್ಸನ್‌ಪೇಟೆಯ ರಿಪೇರಿಯವನನ್ನು ಕೇಳಿದೆ. “ಅಳೇ ಲ್ಯಾಪ್‌ಟಾಪು ಕಣಕ್ಕಾ. ಅದರ ವೈಫೈ ಕಾರ್ಡು ಒಸಾ ಸಿಸ್ಟಮ್‌ಗೆ ಗುರುತೇ ಸಿಗಾಕಿಲ್ಲ, ಡ್ರೈವರ್ ಅಂತ ಬೇರೆ ಸಾಫ್ಟ್‌ವೇರ್ ಆಕ್ಬೇಕು. ಅಲ್ಲೀಗಂಟ ಫೋನ್ ವೈರ್ ಚುಚ್ಚು, ನೆಟ್ ಬತ್ತದೆ,” ಅಂದ.

ನನ್ನ ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿಟ್ಟಿದ್ದೇನೆ. ನೆಟ್ ಬಂದಿದೆ. ವೈರ್ ಅಲುಗಾಡಿಸಬೇಡ. ಮೊದಲು ನಿನ್ನ ನರ್ಸಿಂಗ್ ಅರ್ಜಿ ಕಳಿಸು, ಇವತ್ತೇ ಕೊನೆ. ಡ್ರೈವರ್ ಆಮೇಲೆ ಹಾಕಿಕೋ, ಅವನು ಬರೆದುಕೊಟ್ಟಿದ್ದು ಫೋನಿನ ಕೆಳಗಿದೆ.

ನಿಮ್ಮಣ್ಣ ಕರೆ ಮಾಡಿದರೆ, ಫೋನ್ ಮನೆಯಲ್ಲೇ ಮರೆತು ಹೋದಳು ಅನ್ನು. ಅತ್ತೆಗೆ ಏನೂ ಹೇಳಬೇಡ.

ಬಂಗಾರಪೇಟೆಯಲ್ಲಿ ಸಂಜೆವರೆಗೂ ಕೆಲಸ. ಫೋನಿಲ್ಲದೆ ಒಂದೂ ತಿಳಿಯುವುದಿಲ್ಲ. ನಾನು ಬಂದಾಗ ಬಾಗಿಲು ತೆಗೆದ ಕೂಡಲೇ ಅರ್ಜಿ ಹೋಯಿತೋ ಇಲ್ಲವೋ ಅಷ್ಟು ಹೇಳಿಬಿಡು. ಬೈಯುವುದು ಆಮೇಲೆ.

ಅತ್ತಿಗೆ